ನಾಲ್ಕಾಳು ನೀರು

ನೆಂಟರೆಲ್ಲ ಹೊರಟುಹೋದ ಮರುದಿನ ಬೆಳಿಗ್ಗೆ ಆರೂವರೆಗೆ ಪ್ರತಿಕೆರೆ ಎಂದಿನಂತೆ ಮೇದಿನಿಯನ್ನು ಎಬ್ಬಿಸಿತು.

“ಹೊಸಕೆರೆ,” ಎಂದಿತು ಹಾಸಿಗೆಯ ಪಕ್ಕದ ಧ್ವನಿಪೆಟ್ಟಿಗೆ. “ನೀರಿನ ತಾಪ ಇಪ್ಪತ್ತಾರು. ಕರಗಿದ ಆಮ್ಲಜನಕ ಇಲ್ಲವೆನ್ನುವಷ್ಟು. ಈಶಾನ್ಯ ದಂಡೆಯಲ್ಲಿ ನೊರೆ, ಮೂರು ಅಡಿ ಎತ್ತರ. ಹೂಳೆತ್ತುವ ಕೆಲಸಕ್ಕೆ ಇನ್ನು ಮೂರು ದಿನ. ನಂಜುಂಡ ಅವರಿಂದ ಹನ್ನೆರಡು ದಿನದಿಂದ ನೆಲದ ವರದಿ ಬಂದಿಲ್ಲ. ಅವರಿಗೆ ಜ್ಞಾಪಿಸಲೇ?”

“ಬೇಡ,” ಎಂದಳು ಮೇದಿನಿ.

“ನಾಳೆ ಜ್ಞಾಪಿಸಲೇ?”

“ಬೇಡ.”

ಅವಳು ಎದ್ದು ಅಡುಗೆಮನೆಗೆ ಹೋದಳು. ಹನ್ನೊಂದು ದಿನ ಆ ಅಡುಗೆಮನೆ ಅವಳದಾಗಿರಲಿಲ್ಲ. ಅತ್ತಿಗೆಯರು, ಚಿಕ್ಕಮ್ಮಂದಿರು ಎಲ್ಲವನ್ನೂ ತೊಳೆದು, ಒರೆಸಿ, ತಮಗೆ ತೋಚಿದ ಕಡೆ ಜೋಡಿಸಿ ಹೋಗಿದ್ದರು. ಕಾಫಿಪುಡಿಯ ಡಬ್ಬಿಯಲ್ಲಿ ಹೆಸರುಬೇಳೆ ಇತ್ತು. ಕಾಫಿಪುಡಿ ಎಲ್ಲೂ ಇರಲಿಲ್ಲ. ಫಿಲ್ಟರು ಸಿಕ್ಕಿತು, ಅದರ ಮುಚ್ಚಳ ಸಿಗಲಿಲ್ಲ. ಮುಚ್ಚಳ ಹುಡುಕುತ್ತ ಬಾಗಿಲ ಹಿಂದೆ ಬಗ್ಗಿ ನೋಡಿದಾಗ ಅವಳಿಗೆ ಒಂದು ಕೋಲು ಕಂಡಿತು. ಯಾರೋ ಅದರ ಮೇಲೆ ನೆಲ ಒರೆಸುವ ಬಟ್ಟೆ ಒಣಹಾಕಿದ್ದರು.

ಬಟ್ಟೆ ತೆಗೆದಳು. ಕಪ್ಪಗೆ, ನುಣುಪಾಗಿ, ಕೈ ಆಡಿ ಆಡಿ ಸವೆದ ಮರ. ನಡುವೆ ಐದಾರು ಕಡೆ ಸಣ್ಣ ಕಚ್ಚುಗಳು. ಕಚ್ಚುಗಳಲ್ಲಿ ಹಳೆಯ ಅರಿಶಿನ ಕೂತಿತ್ತು. ಮೇಲ್ತುದಿಗೆ ದಾರದಲ್ಲಿ ಕಟ್ಟಿದ ಚೀಟಿ. ಅದರ ಮೇಲೆ ಗಂಡ ನಂಜುಂಡನ ಓರೆ ಅಕ್ಷರ: ‘ಮುನಿರತ್ನಮ್ಮ, ಏರಿ ಬೀದಿ. ಗೌರಿ ಹಬ್ಬದೊಳಗೆ ವಾಪಸ್.’

ಗೌರಿ ಹಬ್ಬ ನಾಳಿದ್ದು.

ಈ ಕೋಲು ಅವಳಿಗೆ ಗೊತ್ತಿತ್ತು. ಅವನು ಹೋಗುವುದಕ್ಕೆ ಐದು ದಿನ ಮೊದಲು, ಒಂದು ಭಾನುವಾರ ಮಧ್ಯಾಹ್ನ, ಇದನ್ನು ಹೆಗಲ ಮೇಲೆ ಹೊತ್ತು ಬಂದಿದ್ದ. ಕೆರೆಯ ವಾಸನೆಯ ಬಟ್ಟೆಯಲ್ಲೇ ಅಡುಗೆಮನೆಗೆ ನುಗ್ಗಿ, “ಮೇದಿನಿ, ಒಂದು ನಿಮಿಷ ನೆಟ್ಟಗೆ ನಿಂತ್ಕೋ,” ಎಂದಿದ್ದ.

“ಒಲೆ ಮೇಲೆ ಸಾರಿದೆ.”

“ಸಾರು ಎಲ್ಲಿಗೂ ಹೋಗಲ್ಲ.” ಕೋಲನ್ನು ಅವಳ ಬೆನ್ನಿಗೆ ತಾಗಿಸಿ ನಿಲ್ಲಿಸಿ, ಅಂಗೈಯನ್ನು ಅವಳ ನೆತ್ತಿಯ ಮೇಲಿಂದ ಕೋಲಿನ ತುದಿಗೆ ಜಾರಿಸಿ, ಅವನು ಜೋರಾಗಿ ನಕ್ಕಿದ್ದ. “ಒಂದು ಕೂದಲೂ ಹೆಚ್ಚುಕಡಿಮೆ ಇಲ್ಲ! ನೀನು ಸರಿಯಾಗಿ ಒಂದಾಳು ಕಣೇ.”

“ಕುಳ್ಳಿ ಅನ್ನೋದಕ್ಕೆ ಇದೊಂದು ಹೊಸ ದಾರಿ ಹುಡುಕಿದ್ಯಾ?”

“ತಮಾಷೆ ಅಲ್ಲ, ಕೇಳು.”

“ಆಮೇಲೆ,” ಎಂದಿದ್ದಳು. ಸಾರು ಉಕ್ಕಿತ್ತು. ಆ ವಾರ ಅವಳು ಮೂರು ಸಲ ಆಮೇಲೆ ಎಂದಿದ್ದಳು. ಶುಕ್ರವಾರ ಅವನು ಬಸ್ ನಿಲ್ದಾಣದಲ್ಲಿ ಎಳನೀರು ಕುಡಿಯುತ್ತಿದ್ದಾಗ ಕುಸಿದು ಬಿದ್ದ. ಮೂವತ್ತಾರು ವರ್ಷ. ಹೃದಯದಲ್ಲಿ ಹುಟ್ಟಿನಿಂದಲೇ ಏನೋ ಇತ್ತಂತೆ, ಯಾರೂ ನೋಡಿರಲಿಲ್ಲ.

ಕೋಲನ್ನು ಗೋಡೆಗೆ ಒರಗಿಸಿ, ಕಾಫಿ ಇಲ್ಲದೆಯೇ ಅವಳು ಕೆಲಸಕ್ಕೆ ಹೊರಟಳು.

ಪ್ರತಿಬಿಂಬ, ಪ್ರತಿಧ್ವನಿ ಇದ್ದಂತೆ ಪ್ರತಿಕೆರೆ. ಹೆಸರು ಇಟ್ಟವಳು ಮೇದಿನಿಯೇ. ಕೆರೆ ಪುನಶ್ಚೇತನ ಸಂಸ್ಥೆಯ ನೆಲಮಾಳಿಗೆಯಲ್ಲಿ ಒಂದು ದೊಡ್ಡ ಮೇಜು. ಆ ಮೇಜಿನ ಮೇಲೆ ಬೆಳಕಿನಿಂದ ಕಟ್ಟಿದ ಕೆರೆ. ನಿಜವಾದ ಕೆರೆಯಲ್ಲಿ ತೇಲುವ ನಾನೂರು ಸಂವೇದಕಗಳು ಗಳಿಗೆಗೊಮ್ಮೆ ಸುದ್ದಿ ಕಳಿಸುತ್ತಿದ್ದವು. ಅಲ್ಲಿ ಮೀನು ಸತ್ತರೆ ಇಲ್ಲಿ ಒಂದು ಚುಕ್ಕೆ ಆರುತ್ತಿತ್ತು. ಅದಕ್ಕಿಂತ ಮುಖ್ಯವಾಗಿ, ಪ್ರತಿಕೆರೆಯನ್ನು ಮುಂದೇನೆಂದು ಕೇಳಬಹುದಿತ್ತು. ಈ ಚರಂಡಿಯನ್ನು ತಿರುಗಿಸಿದರೆ ಏನಾಗುತ್ತದೆ? ಇಷ್ಟು ಹೂಳು ತೆಗೆದರೆ? ದಂಡೆಗೆ ಜೊಂಡು ನೆಟ್ಟರೆ? ಅದು ನಲವತ್ತು ವರ್ಷಗಳನ್ನು ಒಂದು ಗಂಟೆಯಲ್ಲಿ ಓಡಿಸಿ ತೋರಿಸುತ್ತಿತ್ತು. ಒಂದು ಕಾಲದಲ್ಲಿ ಕೆರೆಗಳನ್ನು ಉದ್ಧಾರ ಮಾಡುತ್ತೇವೆಂದು ಹೊರಟವರು ಸುತ್ತ ಬೇಲಿ ಹಾಕಿ, ಕಾಲುದಾರಿ ಮಾಡಿ, ಕಾರಂಜಿ ನಿಲ್ಲಿಸಿ, ನೀರನ್ನು ಮಾತ್ರ ಹಾಗೆಯೇ ಬಿಟ್ಟಿದ್ದರು. ಆ ತಪ್ಪುಗಳನ್ನು ಈಗ ಬೆಳಕಿನ ಕೆರೆಯಲ್ಲೇ ಮಾಡಿ ಮುಗಿಸಬಹುದು. ಊರೂರು ತಿರುಗಬೇಕಾಗಿಲ್ಲ, ಯಾರನ್ನೂ ಕೇಳಬೇಕಾಗಿಲ್ಲ. ಅರವತ್ತು ಕೆರೆಗಳ ಯೋಜನೆ ಆ ಒಂದು ಮೇಜಿನ ಮೇಲೆ ಸಿದ್ಧವಾಗಿತ್ತು. ಮೊದಲನೆಯದು ಹೊಸಕೆರೆ. ಹೆಸರು ಹೊಸದು, ವಯಸ್ಸು ನಾನೂರು ವರ್ಷ.

ಕೆಲಸ ಮಾಡಬೇಕಾದವು ಹೂಳುಬಾಕಗಳು. ಎಮ್ಮೆಯ ಗಾತ್ರದ, ಎಮ್ಮೆಯ ಬಣ್ಣದ ನಲವತ್ತು ಯಂತ್ರಗಳು. ಹೇಳಿದ ಆಳಕ್ಕೆ ಇಳಿದು, ಅಲ್ಲಿಯವರೆಗಿನ ಕೊಳೆಯನ್ನೆಲ್ಲ ನುಂಗಿ, ಹತ್ತು ದಿನದಲ್ಲಿ ಕೆರೆಯನ್ನು ಬರಿದು ಮಾಡುತ್ತಿದ್ದವು. ನಡುವೆ ನಿಂತು ಯೋಚಿಸುವ ಗುಣ ಅವಕ್ಕೆ ಇರಲಿಲ್ಲ. ಚೌತಿಯ ದಿನ ಮಂತ್ರಿಗಳು ಬಂದು ಗುಂಡಿ ಒತ್ತುವುದೆಂದು ನಿಶ್ಚಯವಾಗಿತ್ತು.

ನಿರ್ದೇಶಕ ಗುರುಪಾದಯ್ಯನವರು ಮೆಟ್ಟಿಲ ಬಳಿಯೇ ಕಾಯುತ್ತಿದ್ದರು. ಒಳ್ಳೆಯ ಮನುಷ್ಯ. ಕನ್ನಡಕ ತೆಗೆದು ಒರೆಸಿದರು.

“ಇಷ್ಟು ಬೇಗ ಬರಬೇಕಾಗಿರಲಿಲ್ಲಮ್ಮ.”

“ಮನೇಲಿ ಕೆಲಸ ಇಲ್ಲ ಸಾರ್.”

“ಅದು ಸರಿ.” ಮತ್ತೆ ಕನ್ನಡಕ ಒರೆಸಿದರು. “ಹೂಳಿನ ಆಳದ ಕಾಗದಕ್ಕೆ ನಿಮ್ಮ ಸಹಿ ಒಂದು ಬಾಕಿ. ನಾಳೆ ಸಂಜೆಯೊಳಗೆ ಆದರೆ ಸಾಕು. ಓದಿ ನೋಡೋದೇನಿಲ್ಲ, ನೀವೇ ಬರೆದದ್ದಲ್ವಾ?”

ಅವಳೇ ಬರೆದದ್ದು. ತನ್ನ ಮೇಜಿನಲ್ಲಿ ಕೂತು ಅದನ್ನು ತೆರೆದಳು. ಓದಿದಳು, ಓದಿದ್ದು ಒಳಗೆ ಹೋಗಲಿಲ್ಲ, ಮತ್ತೆ ಓದಿದಳು.

ಕಷ್ಟ ಇದ್ದದ್ದು ಕೆರೆಯ ತಳದ ವಿಷಯದಲ್ಲಿ. ಯಾವುದೇ ಹಳೆಯ ಕೆರೆಯ ತಳದಲ್ಲಿ ಜೇಡಿಮಣ್ಣಿನ ಒಂದು ಪದರ ಇರುತ್ತದೆ. ಕೆರೆ ಕಟ್ಟಿದವರು ತುಳಿದು ತುಳಿದು ಗಟ್ಟಿ ಮಾಡಿದ್ದು. ನೀರು ನಿಲ್ಲುವುದು ಅದರಿಂದ. ಹೊಸಕೆರೆಯಲ್ಲಿ ಅದರ ದಪ್ಪ ಎರಡೂವರೆ ಅಡಿ. ಅದರ ಕೆಳಗೆ ಬಿರುಕುಬಿಟ್ಟ ಕಲ್ಲು. ಹೂಳನ್ನೆಲ್ಲ ತೆಗೆಯಬೇಕು, ಜೇಡಿಯನ್ನು ಮುಟ್ಟಬಾರದು. ಆದರೆ ಜೇಡಿ ಎಲ್ಲಿ ಶುರುವಾಗುತ್ತದೆ? ಶಬ್ದದ ಅಲೆ ಕಳಿಸಿ ಅಳೆಯೋಣವೆಂದರೆ ಕೊಳೆಯೊಳಗೆ ಕೂತ ಮೀಥೇನ್ ಗುಳ್ಳೆಗಳು ಅಲೆಯನ್ನು ನಡುದಾರಿಯಲ್ಲೇ ನುಂಗುತ್ತಿದ್ದವು. ಕೊನೆಗೆ ಉಳಿದದ್ದು ಹಳೆಯ ಕಡತ. ಕೆರೆಗೆ ಒಳ್ಳೆಯ ಕಾಲವಿದ್ದಾಗ ನೀರಗಂಟಿ, ಅಂದರೆ ತೂಬು ಎತ್ತಿ ಗದ್ದೆಗಳಿಗೆ ನೀರು ಬಿಡುವವನು, ಹೇಳಿದ ಅಳತೆಯನ್ನು ಶಾನುಭೋಗ ಬರೆದಿಟ್ಟಿದ್ದ: ‘ಕೋಡಿ ಬಿದ್ದಿತು. ತೂಬಿನ ಬಳಿ ನಾಲ್ಕಾಳು ನೀರು.’ ಆಗ ಹೂಳಿರಲಿಲ್ಲ, ನೀರು ಮುಗಿದಲ್ಲೇ ಜೇಡಿ ಶುರು.

ನಾಲ್ಕು ಆಳು. ನಾಲ್ಕು ಜನ ಒಬ್ಬರ ತಲೆಯ ಮೇಲೊಬ್ಬರು ನಿಂತಷ್ಟು ಆಳ. ಒಂದು ಆಳು ಎಂದರೆ ಎಷ್ಟು ಅಡಿ? ಅರವತ್ತರಲ್ಲಿ ಇಪ್ಪತ್ಮೂರು ಕೆರೆಗಳಲ್ಲಿ ತೂಬಿನ ಕಲ್ಲುಕಂಬಗಳು, ಅವುಗಳ ಮೇಲಿನ ಗೀಟುಗಳ ಸಮೇತ, ಉಳಿದಿದ್ದವು. ಪ್ರತಿಕೆರೆ ಅವನ್ನೆಲ್ಲ ಅಳೆದು, ಸರಾಸರಿ ತೆಗೆದು, ಐದು ಅಡಿ ಏಳು ಅಂಗುಲ ಎಂದು ಹೇಳಿತ್ತು. ಆಳು ಎಂದರೆ ಎದ್ದು ನಿಂತ ಗಂಡಸು. ಹೊಸಕೆರೆಯ ಕಂಬಗಳು ಹೆದ್ದಾರಿಯ ಅಡಿ ಸೇರಿ ಎಷ್ಟೋ ಕಾಲವಾಗಿತ್ತು. ಅಲ್ಲಿಗೂ ಅದೇ ಲೆಕ್ಕ ಹಿಡಿದು ಮೇದಿನಿ ಬರೆದಿದ್ದಳು: ಕೋಡಿಯ ಮಟ್ಟದಿಂದ ಇಪ್ಪತ್ತೆರಡು ಅಡಿ ನಾಲ್ಕು ಅಂಗುಲ.

ನಂಜುಂಡ ಒಪ್ಪಿರಲಿಲ್ಲ. ಅವನು ನೆಲದ ಮನುಷ್ಯ. ದೋಣಿಯಲ್ಲಿ ಹೋಗಿ ಏಳು ಕಡೆ ಕೊಳವೆ ಇಳಿಸಿ ತಳದ ಮಣ್ಣು ತಂದಿದ್ದ. ಏಳರಲ್ಲೂ ಜೇಡಿ ಅವಳ ಅಂಕಿಗಿಂತ ಮೇಲೆಯೇ ಸಿಕ್ಕಿತ್ತು. ಆ ಜೇಡಿ ಕೆರೆಯದಲ್ಲ, ಊರವರು ಮನೆ ಕಟ್ಟುವಾಗ ಅಗೆದು ತಂದು ಸುರಿದ ಮಣ್ಣು ಎಂದು ಷರಾ ಬರೆದು ಅವನ ಏಳು ಕೊಳವೆಗಳನ್ನೂ ಬದಿಗಿಟ್ಟವಳು ಮೇದಿನಿ. “ಊರಿಗೆಲ್ಲ ಒಂದು ಲೆಕ್ಕ, ನಿನ್ನ ಕೆರೆಗೆ ಮಾತ್ರ ಬೇರೆಯಾ?” ಎಂದು ಅವನನ್ನು ಎಲ್ಲರೆದುರಿಗೆ ಕೇಳಿದ್ದಳು. ಅವನು ನಕ್ಕಿದ್ದ. ಮೂರು ದಿನದ ಮೇಲೆ ಕೋಲು ಹೊತ್ತು ಬಂದಿದ್ದ.

ಈಗ ಅವಳು ಬದಿಗಿಟ್ಟ ಆ ಏಳು ಅಂಕಿಗಳನ್ನು ತೆರೆದು ನೋಡಿದಳು. ಸಹಿ ಹಾಕುವ ಮೊದಲು ಅವನ ಅಕ್ಷರವನ್ನು ಇನ್ನೊಂದು ಸಲ ನೋಡೋಣವೆಂದು, ಅಷ್ಟೆ. ಹತ್ತೊಂಬತ್ತು ಅಡಿ ಮೂರು ಅಂಗುಲ. ಹತ್ತೊಂಬತ್ತು ನಾಲ್ಕು. ಹತ್ತೊಂಬತ್ತು ನಾಲ್ಕು. ಹತ್ತೊಂಬತ್ತು ಐದು. ಊರವರು ತಂದು ಸುರಿದ ಮಣ್ಣು ಒಂದು ಕಡೆ ಗುಡ್ಡೆ, ಒಂದು ಕಡೆ ತಗ್ಗು ಆಗಬೇಕು. ಏಳು ಕಡೆಯೂ ಒಂದೇ ಮಟ್ಟದಲ್ಲಿ ಹಾಸಿಕೊಂಡು ಕೂರುವುದಿಲ್ಲ.

ಅವಳ ಲೆಕ್ಕಕ್ಕೂ ಅವನ ಲೆಕ್ಕಕ್ಕೂ ವ್ಯತ್ಯಾಸ ಮೂರು ಅಡಿ. ಮೂರು ಅಡಿ ಎಂದರೆ ಮೂವತ್ತಾರು ಅಂಗುಲ. ನಾಲ್ಕಾಳಿಗೆ ಹಂಚಿದರೆ ಆಳಿಗೆ ಒಂಬತ್ತು. ಐದು ಅಡಿ ಏಳರಲ್ಲಿ ಒಂಬತ್ತು ಕಳೆದರೆ ನಾಲ್ಕು ಅಡಿ ಹತ್ತು ಅಂಗುಲ.

ಆ ಅಳತೆಯನ್ನು ಅವಳು ಎಲ್ಲೋ ಬರೆದಿದ್ದಳು. ಎಲ್ಲಿ ಎಂದು ತಿಳಿಯಲು ಸ್ವಲ್ಪ ಹೊತ್ತು ಹಿಡಿಯಿತು. ಮದುವೆಯ ಮಾತುಕತೆಗೆ ಮುಂಚೆ ಗಂಡಿನ ಕಡೆಯವರಿಗೆ ಕಳಿಸಿದ ಕಾಗದದಲ್ಲಿ. ಐದಡಿ ಅಂತಲೇ ಹಾಕು, ಯಾರೂ ಟೇಪು ಹಿಡಿದು ನೋಡೋಲ್ಲ ಎಂದು ಅಮ್ಮ ಗೋಗರೆದರೂ ಅವಳು ಕೇಳದೆ ಬರೆದಿದ್ದಳು: ಎತ್ತರ, ನಾಲ್ಕು ಅಡಿ ಹತ್ತು ಅಂಗುಲ.

ಅವಳು ಕಾಗದವನ್ನು ಸಹಿ ಹಾಕದೆ ಮುಚ್ಚಿಟ್ಟು, ಏರಿ ಬೀದಿಗೆ ಹೋಗುವ ಬಸ್ಸು ಹತ್ತಿದಳು.

ನಾಲ್ಕು ವರ್ಷ ಈ ಕೆರೆಯ ಮೇಲೆ ಕೆಲಸ ಮಾಡಿದ್ದರೂ ಅವಳು ಅದರ ಹತ್ತಿರ ಹೋದದ್ದು ಎರಡೇ ಸಲ. ಪ್ರತಿಕೆರೆಗೆ ಎಲ್ಲ ತಿಳಿದಿತ್ತು, ವಾಸನೆಯೊಂದನ್ನು ಬಿಟ್ಟು. ಏರಿಯ ಹಿಂದಿನ ಆ ಬೀದಿಯಲ್ಲಿ ಯಾವ ಮನೆಗೂ ಕೆರೆಯ ಕಡೆ ಕಿಟಕಿ ತೆರೆದಿರಲಿಲ್ಲ. ಗಾಳಿಗೆ ಹಾರಿ ಬಂದ ನೊರೆ ಬೇಲಿಗಳ ಮೇಲೆ ಹತ್ತಿಯ ಹಾಗೆ ಅಂಟಿಕೊಂಡಿತ್ತು.

ಮುನಿರತ್ನಮ್ಮ ಜಗಲಿಯ ಮೇಲೆ ಕೂತು ಹಬ್ಬಕ್ಕೆಂದು ಹಿತ್ತಾಳೆ ಪಾತ್ರೆಗಳನ್ನು ಹುಣಸೆಹಣ್ಣು ಹಚ್ಚಿ ಉಜ್ಜುತ್ತಿದ್ದಳು. ಎಪ್ಪತ್ತು ದಾಟಿದ ಹೆಂಗಸು. ಕೆರೆಯಿಂದ ಏಳುವ ಗಾಳಿಗೆ ಆ ಬೀದಿಯಲ್ಲಿ ಹಿತ್ತಾಳೆ ನಾಲ್ಕೇ ದಿನದಲ್ಲಿ ಕಪ್ಪಾಗುತ್ತಿತ್ತು.

“ಕೋಲು ತಂದ್ಯಾ?” ತಲೆ ಎತ್ತಿ ಮೇದಿನಿಯನ್ನು ಒಮ್ಮೆ ನೋಡಿ, ಉಜ್ಜುತ್ತಲೇ ಕೇಳಿದಳು.

“ನಾನು ಯಾರು ಅಂತ ನಿಮಗೆ...”

“ಕತ್ತಿಗೆ ಚೀಟಿ ನೇತಾಕ್ಕೊಂಡು ಈ ಬೀದಿಗೆ ಬರೋರು ಅವನ ಆಪೀಸ್ನೋರೇಯ. ಹೆಂಡ್ತಿ ಕುಳ್ಳಿ ಅಂದಿದ್ದ. ನೀನೇ ಇರ್ಬೇಕು.” ತಂಬಿಗೆಯನ್ನು ಬೋರಲು ಹಾಕಿದಳು. “ಎಲ್ಲವ್ನೆ ಅವ್ನು? ಕೋಲು ಇಸ್ಕೊಂಡು ಹೋದೋನು ಮಖ ತೋರಿಸ್ಲಿಲ್ಲ. ಸರ್ಕಾರದೋರ ಕೈಗೆ ಕೊಡಬ್ಯಾಡ ಅಂತ ನನ್ ಸೊಸೆ ಬಡ್ಕೊಂಡ್ಲು. ಗೌರಿ ದಿನ ಕೋಲಿಗೆ ಅರಿಶಿನ ಹಚ್ದೆ ನಮ್ಮನೇಲಿ ಒಲೆ ಹಚ್ಚಲ್ಲ. ಹೋಗಿ ಹೇಳು ಅವ್ನಿಗೆ, ಮುದುಕಿ ಬೈತಾವ್ಳೆ ಅಂತ.”

ಇಷ್ಟು ದಿನ ಆ ಮಾತನ್ನು ಮೇದಿನಿಯ ಪರವಾಗಿ ಬೇರೆ ಯಾರಾದರೂ ಹೇಳುತ್ತಿದ್ದರು. ಅಣ್ಣ, ಅತ್ತಿಗೆ, ಪಕ್ಕದ ಮನೆಯವರು. ಅವಳು ಸುಮ್ಮನೆ ನಿಂತಿದ್ದರೆ ಸಾಕಾಗಿತ್ತು.

“ಅವರು ತೀರಿಕೊಂಡ್ರು,” ಎಂದಳು. “ಹನ್ನೆರಡು ದಿನ ಆಯ್ತು.”

ಮುನಿರತ್ನಮ್ಮನ ಕೈ ನಿಂತಿತು. ಹುಣಸೆಹಣ್ಣನ್ನು ಕೆಳಗಿಟ್ಟು, ಕೈ ತೊಳೆದು, ಸೆರಗಿಗೆ ಒರೆಸಿಕೊಂಡಳು. ಒಳಗೆ ಹೋಗಿ ಒಂದು ಲೋಟ ನೀರು ತಂದಳು.

“ಕುಡಿ. ಕ್ಯಾನ್ ನೀರೇ, ಹೆದರ್ಬ್ಯಾಡ.”

ಮೇದಿನಿ ಕುಡಿದಳು. ಇಬ್ಬರೂ ಜಗಲಿಯ ಮೇಲೆ ಕೂತರು. ಬೀದಿಯಲ್ಲಿ ಬಾಳೆಕಂಬ ಮಾರುವವನು ಕೂಗುತ್ತ ಹೋದ.

“ಕೋಲು ಮನೇಲಿದೆ. ನಾಳಿದ್ದು ತರ್ತೀನಿ,” ಎಂದಳು ಮೇದಿನಿ. “ಈಗ ಒಂದು ಮಾತು ಕೇಳೋಕೆ ಬಂದೆ. ಹಳೇ ಕಾಗದದಲ್ಲಿ ಕೆರೆ ನೀರನ್ನ ಆಳು ಲೆಕ್ಕದಲ್ಲಿ ಬರೆದಿದಾರೆ. ಆಳು ಅಂದ್ರೆ ಒಬ್ಬ ಗಂಡಸಿನ ಎತ್ತರ ಅಂತ ನಾವು ಹಿಡಿದಿದೀವಿ. ಅದು...”

“ಯಾರು ಹೇಳಿದ್ದು ಗಂಡಸು ಅಂತ?”

“ಎಲ್ಲ ಕೆರೆಗಳಲ್ಲೂ...”

“ಕೂಲಿಗೆ ಕರೆಯೋವಾಗ ಗಂಡಾಳಾ ಹೆಣ್ಣಾಳಾ ಅಂತ ಎರಡೆರಡು ಸಲ ಕೇಳ್ತಾರೆ ಜನ. ನೀರು ಅಳೆಯೋವಾಗ ಕೇಳೋದು ಬ್ಯಾಡ್ವ?” ಮುನಿರತ್ನಮ್ಮ ಕಾಲು ಚಾಚಿದಳು. “ಅವನು ಕೇಳ್ದ. ಇಷ್ಟು ವರ್ಷದಲ್ಲಿ ಕೇಳ್ದೋನು ಅವ್ನೊಬ್ನೇ.”

ಅವಳು ಹೇಳಿದ್ದು ಇಷ್ಟು. ಆ ಮನೆತನದವರು ತಲೆಮಾರುಗಳಿಂದ ಹೊಸಕೆರೆಯ ನೀರಗಂಟಿಗಳು. ಅವಳ ಗಂಡನ ಮುತ್ತಜ್ಜಿ ಪಿಳ್ಳಮ್ಮ. ಪಿಳ್ಳಮ್ಮನ ಗಂಡ ಜ್ವರ ಬಂದು ಮೂರೇ ದಿನಕ್ಕೆ ಹೋದ. ಮಗ ಇನ್ನೂ ತೊಟ್ಟಿಲಲ್ಲಿದ್ದ.

“ಬ್ಯಾರೆ ನೀರಗಂಟಿ ನೋಡಾನ ಅಂತ ಊರೋರು ಕೂತ್ರಂತೆ. ಅವ್ರು ಕೂತು ಮಾತಾಡ್ತಿದ್ದಂಗೇ ಇವ್ಳು ಹೋಗಿ ತೂಬು ಎತ್ತಿ ಬಂದವ್ಳೆ. ಗದ್ದೆಗೆ ನೀರು ಬಂತು. ನೀರು ಬಂದ್ಮೇಲೆ ಯಾರು ಏನಂದಾರು? ಗಂಡನ ಕೋಲು ಉದ್ದ. ನೀರಲ್ಲಿ ನಿಂತು ಹಿಡಿಯಾಕಾಗ್ಲಿಲ್ಲ. ಅದಕ್ಕೇ ತನ್ನ ನೆತ್ತಿ ಮಟ್ಟಕ್ಕೆ ಕತ್ತರ್ಸಿದ್ಲು. ಬ್ಯಾಸಗೇಲಿ ಕೆರೆ ಒಣಗ್ದಾಗ ಕಂಬದ ಗೀಟೂ ತನ್ನ ಕೋಲಿಗೇ ಹೊಸ್ದಾಗಿ ಹೊಡ್ಸಿದ್ಲು. ನಲ್ವತ್ತು ವರ್ಸ ಅವಳದೇ ಅಳತೆ. ಶಾನುಭೋಗ ಒಂದಾಳು, ಎರಡಾಳು ಅಂತ ಬರ್ಕೊಂಡ. ಯಾರ ಆಳು ಅಂತ ಅವನ್ಯಾಕೆ ಬರೀತಾನೆ? ಅವತ್ತು ಊರಿಗೆಲ್ಲ ಗೊತ್ತಿತ್ತು.”

ಮೇದಿನಿ ಲೋಟವನ್ನು ಕೈಯಲ್ಲಿ ತಿರುಗಿಸುತ್ತಿದ್ದಳು. “ಇದನ್ನೆಲ್ಲ ಅವರಿಗೆ ಹೇಳಿದ್ರಾ?”

“ಹೇಳ್ದೆ. ಕೇಳಿ ನಕ್ಕ. ಅಜ್ಜೀ, ಕೋಲು ನಾಕು ದಿನ ಕೊಡಿ, ನನ್ನ ಹೆಂಡ್ತಿಗೆ ತೋರಿಸ್ಬೇಕು ಅಂದ. ಬಾಯಲ್ಲಿ ಹೇಳಪ್ಪ, ಕೋಲ್ಯಾಕೆ ಅಂದೆ. ಬಾಯಲ್ಲಿ ಹೇಳಿದ್ರೆ ಅವ್ಳು ನಂಬಲ್ಲ, ಅಳೆದು ತೋರಿಸ್ಬೇಕು ಅಂದ.” ಮುದುಕಿ ಅವಳ ಕಡೆ ತಿರುಗಿದಳು. “ತೋರಿಸಿದ್ನಾ?”

“ತೋರಿಸಿದ್ರು,” ಎಂದಳು ಮೇದಿನಿ.

ಬುಧವಾರ ಬೆಳಿಗ್ಗೆ ಗುರುಪಾದಯ್ಯನವರು ಎಲ್ಲವನ್ನೂ ಕೇಳಿ, ಬಹಳ ಹೊತ್ತು ಕನ್ನಡಕ ಒರೆಸಿದರು.

“ಚಪ್ಪರ ಹಾಕಿ ಆಗಿದೆ ಕಣಮ್ಮ. ಮಂತ್ರಿಗಳಿಗೆ ನಾನು ಏನು ಹೇಳಲಿ? ಒಂದು ಹೆಣ್ಣಾಳು ಸಿಕ್ಕಿತು, ಅದಕ್ಕೆ ತಡ ಅಂತ ಹೇಳಲೇ?”

“ಹಾಗೇ ಹೇಳಿ ಸಾರ್.”

“ಒಬ್ಬ ಅಜ್ಜಿ ಹೇಳಿದ ಕಥೆ ಒಂದು ಕಡೆ. ಇಪ್ಪತ್ಮೂರು ಕೆರೆಗಳ ಕಲ್ಲು ಒಂದು ಕಡೆ. ಯಂತ್ರ ಕಲ್ಲನ್ನು ನಂಬುತ್ತೆ. ನಾನೂ ಅಷ್ಟೆ.” ಅವರು ದನಿ ತಗ್ಗಿಸಿದರು. “ತಪ್ಪು ತಿಳೀಬೇಡಿ. ನಂಜುಂಡನ ಮಾತು ಗೆಲ್ಲಲಿ ಅಂತ ನಿಮಗೆ ಅನಿಸೋದು ಸಹಜ.”

ಮೇದಿನಿಗೆ ಸಿಟ್ಟು ಬರಲಿಲ್ಲ. ಸಿಟ್ಟು ಬರುವಷ್ಟು ಶಕ್ತಿ ಅವಳಲ್ಲಿ ಇರಲಿಲ್ಲ. “ನನ್ನ ತಪ್ಪು ಸಾರ್ ಇದು, ಅವರ ಗೆಲುವಲ್ಲ. ಆ ಷರಾ ಬರೆದದ್ದು ನಾನು. ಮೇಜಿನ ಹತ್ತಿರ ಬನ್ನಿ. ಎರಡು ನಿಮಿಷ ಸಾಕು.”

ಅವಳು ಪ್ರತಿಕೆರೆಗೆ ಹೇಳಿದಳು: ಜೇಡಿಯ ಪದರ ಹತ್ತೊಂಬತ್ತು ಅಡಿ ನಾಲ್ಕು ಅಂಗುಲದಲ್ಲಿ ಶುರುವಾಗುತ್ತದೆ ಎಂದುಕೋ. ಹೂಳುಬಾಕಗಳು ಈಗಿನ ಆಜ್ಞೆಯಂತೆ ಇಪ್ಪತ್ತೆರಡು ಅಡಿ ನಾಲ್ಕು ಅಂಗುಲ ಇಳಿಯಲಿ. ಆಮೇಲೆ ಓಡಿಸು.

ಮೇಜಿನ ಮೇಲೆ ಕೆರೆ ಬರಿದಾಯಿತು. ಮಳೆ ಬಂತು, ತುಂಬಿತು, ತಿಳಿಯಾಯಿತು. ಗುರುಪಾದಯ್ಯನವರು ಮೇದಿನಿಯ ಮುಖ ನೋಡಿದರು. ಅವಳು ಮೇಜನ್ನೇ ನೋಡುತ್ತಿದ್ದಳು. ಮೊದಲ ಬೇಸಗೆ ಮುಗಿಯುವ ಮೊದಲೇ ನೀರಿನ ಬೆಳಕು ದಂಡೆ ಬಿಟ್ಟು ಒಳಗೆ ಸರಿಯಿತು. ಎರಡನೆಯ ಮಳೆಗಾಲದಲ್ಲಿ ಬಂದ ನೀರು ತಿಂಗಳೂ ನಿಲ್ಲಲಿಲ್ಲ. ಮೂರನೆಯ ವರ್ಷ ಕೆರೆಯ ಜಾಗದಲ್ಲಿ ಕಂದು ಬಣ್ಣದ ಒಂದು ತಗ್ಗು ಉಳಿದಿತ್ತು. ಅಷ್ಟರಲ್ಲಿ ಸುತ್ತಲಿನ ಊರುಗಳ ಕೊಳವೆಬಾವಿಗಳು ಒಂದೊಂದಾಗಿ ಕೆಂಪಗಾದವು. ನಾಲೆಗಳಿಂದ ಬಂದ ಅಳಿದುಳಿದ ವಿಷವೆಲ್ಲ ಕಲ್ಲಿನ ಬಿರುಕುಗಳಲ್ಲಿ ಇಳಿದು ಅಲ್ಲಿಗೆ ತಲುಪುತ್ತಿತ್ತು. ಏರಿ ಬೀದಿಯ ಬಾವಿ ಎಲ್ಲಕ್ಕಿಂತ ಮೊದಲು ಕೆಂಪಾಯಿತು.

“ಯಾವ ಬಾವಿ ಅದು?” ಎಂದರು ಗುರುಪಾದಯ್ಯನವರು.

“ಅಜ್ಜಿ ಮನೆ ಹಿಂದಿನದು. ಈಗ ಪಾತ್ರೆ ತೊಳೆಯೋಕೆ ಬಳಸ್ತಾರೆ.”

ಅವಳು ಎರ‍ಡನೆಯ ಸಲ ಓಡಿಸಿದಳು, ಹತ್ತೊಂಬತ್ತು ಅಡಿಗೇ ನಿಲ್ಲಿಸುವಂತೆ ಹೇಳಿ. ಕೆರೆ ತುಂಬಿತು, ನಿಂತಿತು. ನಲವತ್ತು ಬೇಸಗೆ ಕಳೆದರೂ ನಡುವೆ ಒಂದಿಷ್ಟು ನೀರು ಉಳಿದೇ ಇತ್ತು. ಆರನೆಯ ವರ್ಷದಿಂದ ಹಸಿರು ಚುಕ್ಕೆಗಳು ಕಂಡವು, ಹತ್ತನೆಯ ವರ್ಷ ಬಿಳಿಯವು. ಬಿಳಿ ಎಂದರೆ ಹಕ್ಕಿ.

ಗುರುಪಾದಯ್ಯನವರು ದೂರವಾಣಿಯ ಕಡೆ ನಡೆದರು. ಅರ್ಧ ದಾರಿಯಲ್ಲಿ ತಿರುಗಿ, “ಆಳವನ್ನು ತಿದ್ದಿ ಸಹಿ ಹಾಕಿ. ಚಪ್ಪರ ಇರಲಿ, ಗುಂಡಿಯೂ ಇರಲಿ. ಅಂಕಿ ಬದಲಾಗಿದ್ದು ಅವರಿಗೆ ಗೊತ್ತಾಗೋದಿಲ್ಲ,” ಎಂದರು.

ಅವಳು ತಿದ್ದಿದಳು. ಅಳತೆಯ ಆಧಾರ ಎಂಬಲ್ಲಿ ‘ಪಿಳ್ಳಮ್ಮ, ನೀರಗಂಟಿ’ ಎಂದು ಬರೆದಳು. ಆಮೇಲೆ ನಂಜುಂಡನ ಹೆಸರಿನಲ್ಲಿ ಖಾಲಿ ಉಳಿದಿದ್ದ ನೆಲದ ವರದಿಯ ಪುಟ ತೆರೆದು, ಏಳು ಕೊಳವೆಗಳ ಅಂಕಿಯನ್ನೂ ಕೋಲಿನ ಉದ್ದವನ್ನೂ ತುಂಬಿಸಿದಳು. ಅವನು ಬರೆಯುತ್ತಿದ್ದಂತೆಯೇ ಬರೆದಳು, ಕಡಿಮೆ ಮಾತಿನಲ್ಲಿ.

“ವರದಿ ತಲುಪಿತು,” ಎಂದಿತು ಪ್ರತಿಕೆರೆ. “ವಂದನೆ, ನಂಜುಂಡ.”

ಅಷ್ಟಕ್ಕೆ ಮುಗಿಯಬೇಕಿತ್ತು. ಆದರೆ ಒಂದು ಅಳತೆ ಬದಲಾದರೆ ಅದನ್ನು ಆಧರಿಸಿದ ಎಲ್ಲವನ್ನೂ ಮತ್ತೆ ನೋಡಬೇಕೆಂದು ಅದಕ್ಕೆ ಕಲಿಸಿದ್ದರು. ಸಂಜೆ ನಾಲ್ಕರ ಹೊತ್ತಿಗೆ ಮೇಜಿನ ಮೇಲಿನ ಬೆಳಕಿನ ಕೆರೆಗಳು ಒಂದಾದ ಮೇಲೊಂದು ನಿಂತುಹೋದವು. ಕಂಬ ಉಳಿದಿದ್ದ ಇಪ್ಪತ್ಮೂರನ್ನೂ ಹೊಸಕೆರೆಯನ್ನೂ ಬಿಟ್ಟು ಮೂವತ್ತಾರು ಕೆರೆಗಳು. ಪ್ರತಿಯೊಂದರ ಮೇಲೂ ಒಂದೇ ಪ್ರಶ್ನೆ ಮಿನುಗುತ್ತಿತ್ತು: ‘ಯಾರ ಆಳು?’

“ಅದಕ್ಕೇ ಉತ್ತರ ಹುಡುಕೋಕೆ ಹೇಳಿ,” ಎಂದರು ಗುರುಪಾದಯ್ಯನವರು.

“ಅದಕ್ಕೆ ಗೊತ್ತಿಲ್ಲ ಸಾರ್. ಯಾವ ಕಾಗದದಲ್ಲೂ ಇಲ್ಲ. ಆಯಾ ಊರಿಗೆ ಹೋಗಿ ಕೇಳಬೇಕು.”

“ಮೂವತ್ತಾರು ಊರಿಗೆ?”

“ಮೂವತ್ತಾರು ಊರಿಗೆ.”

ಜನರನ್ನು ಕೇಳುವ ಕಷ್ಟ ತಪ್ಪಲೆಂದು ಕಟ್ಟಿದ ಯಂತ್ರ ಅದು. ಗುರುಪಾದಯ್ಯನವರು ನೆಲಮಾಳಿಗೆಯ ಸುತ್ತ ನೋಡಿದರು. ಕೆರೆಯ ನೀರನ್ನು ಕೈಯಲ್ಲಿ ಮುಟ್ಟದೆ ಹತ್ತು ವರ್ಷ ಕೆಲಸ ಮಾಡಿದ ಇಪ್ಪತ್ತು ಜನ ವಿಜ್ಞಾನಿಗಳು ತಮ್ಮ ತಮ್ಮ ಮೇಜುಗಳಲ್ಲಿ ತಲೆ ತಗ್ಗಿಸಿ ಕೂತಿದ್ದರು.

“ಬಸ್ಸಿನ ವೇಳಾಪಟ್ಟಿ ಯಾರ ಹತ್ತಿರ ಇದೆ?” ಎಂದು ಕೇಳಿದರು.

ಯಾರ ಹತ್ತಿರವೂ ಇರಲಿಲ್ಲ.

ಗುರುವಾರ ಬೆಳಿಗ್ಗೆ ಆರೂವರೆಗೆ ಪ್ರತಿಕೆರೆ ಮೇದಿನಿಯನ್ನು ಎಬ್ಬಿಸಿತು. “ಹೊಸಕೆರೆ. ನೀರಿನ ತಾಪ ಇಪ್ಪತ್ತೈದು. ಕರಗಿದ ಆಮ್ಲಜನಕ ಇಲ್ಲವೆನ್ನುವಷ್ಟು. ಹೂಳೆತ್ತುವ ಕೆಲಸಕ್ಕೆ ಇನ್ನು ಒಂದು ದಿನ. ನೆಲದ ವರದಿಗಳು ಯಾವುವೂ ಬಾಕಿ ಇಲ್ಲ.”

ಅವಳು ಕಣ್ಣು ಮುಚ್ಚಿಕೊಂಡೇ ಕಾದಳು. ಅದು ಮತ್ತೇನೂ ಹೇಳಲಿಲ್ಲ. ‘ಜ್ಞಾಪಿಸಲೇ’ ಎಂಬ ಆ ಪ್ರಶ್ನೆಯನ್ನು ತಾನೇ ನಿಲ್ಲಿಸಿಬಿಟ್ಟೆನೆಂದು ಅವಳಿಗೆ ಹೊಳೆದದ್ದು ಆಗ. ಅವನನ್ನು ಇನ್ನೂ ಕಾಯುತ್ತಿದ್ದುದು ಅದೊಂದೇ ಆಗಿತ್ತು.

ಎದ್ದು ಸ್ನಾನ ಮಾಡಿ, ಕೋಲನ್ನು ಒದ್ದೆ ಬಟ್ಟೆಯಲ್ಲಿ ಒರೆಸಿ, ಬಸ್ಸು ಹತ್ತಿದಳು. ಕೋಲು ಅಡ್ಡ ಬರುತ್ತದೆಂದು ಕಂಡಕ್ಟರು ಗೊಣಗಿದ. ಅವಳು ಅದನ್ನು ನೆಟ್ಟಗೆ ಹಿಡಿದು ದಾರಿಯುದ್ದಕ್ಕೂ ನಿಂತೇ ಹೋದಳು.

ಏರಿ ಬೀದಿಯ ಮನೆಗಳ ಮುಂದೆ ರಂಗೋಲಿ. ಮುನಿರತ್ನಮ್ಮನ ಬಾಗಿಲಿಗೆ ಮಾವಿನೆಲೆ. ಒಳಗೆ ಬಳೆಗಳ ಸದ್ದು, ಹೆಂಗಸರ ನಗು. ಬಾಗಿನದ ಮೊರಗಳು ಸಾಲಾಗಿ ಕಂಡವು. ಮೇದಿನಿ ಹೊಸ್ತಿಲ ಈಚೆಯೇ ನಿಂತಳು. ಹದಿನಾಲ್ಕು ದಿನದ ಹಿಂದೆ ಆಗಿದ್ದರೆ ನಿಲ್ಲುತ್ತಿರಲಿಲ್ಲ. ಕೋಲನ್ನು ಮುಂದೆ ಚಾಚಿ, “ಅಜ್ಜೀ, ತಗೊಳ್ಳಿ,” ಎಂದಳು.

ಮುನಿರತ್ನಮ್ಮ ಬಂದು ಕೋಲನ್ನೂ ಅವಳನ್ನೂ ನೋಡಿದಳು. “ಅಲ್ಲೇ ನಿಂತ್ರೆ ಕೋಲು ತಾನಾಗೇ ನಡ್ಕೊಂಡು ಒಳಗೆ ಬರ್ತದಾ? ಬಾ.”

“ಇವತ್ತು ನಾನು...”

“ಈ ಕೋಲಿನವಳೂ ನಿನ್ನಂಗೇ ಇದ್ಲು. ಅವಳಿಗೆ ನಾವು ಗೌರಿ ದಿನವೇ ಅರಿಶಿನ ಹಚ್ಚೋದು. ಬಾ ಅಂದ್ನಲ್ಲ.”

ಒಳಗಿದ್ದ ಸೊಸೆ ಸರಿದು ಜಾಗ ಬಿಟ್ಟಳು. ಉಜ್ಜಿದ ಹಿತ್ತಾಳೆ ಬಿಂದಿಗೆಯಲ್ಲಿ ನಲ್ಲಿಯ ನೀರು. ಇಲ್ಲಿ ಗಂಗೆಯೆಂದರೆ ಈಗ ಅದೇ. ಬಿಂದಿಗೆಯ ಕಂಠದಲ್ಲಿ ಆಗಲೇ ಕಪ್ಪು ಏರತೊಡಗಿತ್ತು.

“ನೆಟ್ಟಗೆ ಹಿಡ್ಕೊ,” ಎಂದಳು ಮುನಿರತ್ನಮ್ಮ. ಮೇದಿನಿ ಕೋಲನ್ನು ಪಕ್ಕದಲ್ಲಿ ನಿಲ್ಲಿಸಿಕೊಂಡು ಹಿಡಿದಳು. ಮುದುಕಿ ಕೆಳಗಿನಿಂದ ಮೇಲಕ್ಕೆ ಕಚ್ಚು ಕಚ್ಚಿಗೂ ಅರಿಶಿನ ಹಚ್ಚುತ್ತ ಬಂದಳು. ತುದಿಗೆ ಬಂದಾಗ ಬೆರಳಿಗೆ ಚೀಟಿ ಸಿಕ್ಕಿತು.

“ಇದೇನು?”

“ನಿಮ್ಮ ಹೆಸರು. ಗೌರಿ ಹಬ್ಬದೊಳಗೆ ವಾಪಸ್ ಅಂತ ಬರೆದಿದಾರೆ.”

“ಹಬ್ಬದೊಳಗೇ ಬಂತಲ್ಲ.” ಮುನಿರತ್ನಮ್ಮ ದಾರ ಬಿಚ್ಚಿ, ಚೀಟಿಗೆ ಅರಿಶಿನ ತಾಗದಂತೆ ಎರಡು ಬೆರಳಲ್ಲಿ ಹಿಡಿದು, ಮೇದಿನಿಯ ಕೈಗೆ ಕೊಟ್ಟಳು. “ಮಾತಿಗೆ ತಪ್ಪಲಿಲ್ಲ ಅವ್ನು.”

ನಡುಮನೆಯ ಗೋಡೆಯಲ್ಲಿ ಎರಡು ಮರದ ಗೂಟಗಳಿದ್ದವು. ಅವುಗಳ ನಡುವೆ, ಹೊಗೆ ಹಿಡಿದ ಸುಣ್ಣದ ಮೇಲೆ, ಕೋಲು ಇದ್ದಷ್ಟೇ ಉದ್ದಕ್ಕೆ ಒಂದು ಬಿಳಿ ಪಟ್ಟಿ. ಮೇದಿನಿ ಹಿಮ್ಮಡಿ ಎತ್ತಿ, ತೋಳು ಚಾಚಿ, ಕೋಲನ್ನು ಗೂಟಗಳ ಮೇಲೆ ಇಟ್ಟಳು. ಸ್ವಲ್ಪ ಎಡಕ್ಕೆ ಸರಿಸಿದಳು. ಬಿಳಿ ಪಟ್ಟಿ ಮುಚ್ಚಿತು.